ವರ್ಜೀನಿಯಾದ ಹಳೇ ಮನೆಗಳು: ಅಜ್ಜಿ ತಾತ, ಮೊಮ್ಮಕ್ಕಳ ಜೊತೆ ಐದು ದಿನದಲ್ಲಿ ನೋಡುವ ಬಗೆ

ಊರಿನಿಂದ ಅಪ್ಪ ಅಮ್ಮ ಬಂದರೆಂದರೆ ಅಮೆರಿಕದ ಕನ್ನಡ ಮನೆಗಳಲ್ಲಿ ನಯಾಗರ, ನ್ಯೂಯಾರ್ಕ್, ವಾಷಿಂಗ್ಟನ್ ಡಿಸಿ ಪ್ರವಾಸ ತಾನಾಗಿ ನಿಗದಿಯಾಗುತ್ತದೆ. ಡಿಸಿಯಲ್ಲಿ ಸ್ಮಾರಕಗಳ ಮುಂದೆ ಫೋಟೊ ತೆಗೆದುಕೊಂಡು ಹೊರಟುಬಿಡುವವರೇ ಜಾಸ್ತಿ. ಅಲ್ಲಿಂದ ದಕ್ಷಿಣಕ್ಕೆ ಒಂದು ಸುತ್ತು ಹಾಕಿದರೆ ಈ ದೇಶದ ಆರಂಭದ ಕಾಲವೇ ಕೈಗೆಟಕುವಷ್ಟು ಹತ್ತಿರ ಸಿಗುತ್ತದೆ. ಜಾರ್ಜ್ ವಾಷಿಂಗ್ಟನ್ ಬದುಕಿದ ಮೌಂಟ್ ವರ್ನನ್, ಸ್ವಾತಂತ್ರ್ಯ ಘೋಷಣೆ ಬರೆದ, ಮುಂದೆ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಕಟ್ಟಿಸಿದ ಮಾಂಟಿಸೆಲೊ, ವಸಾಹತು ಕಾಲದ ರಾಜಧಾನಿ ವಿಲಿಯಮ್ಸ್‌ಬರ್ಗ್, 1607ರಲ್ಲಿ ಇಂಗ್ಲಿಷರು ನೆಲೆಯೂರಿದ ಜೇಮ್ಸ್‌ಟೌನ್, ಸ್ವಾತಂತ್ರ್ಯ ಸಮರದ ಗತಿ ನಿರ್ಧಾರವಾದ ಯಾರ್ಕ್‌ಟೌನ್, ಎಲ್ಲವೂ ಒಂದೇ ರಾಜ್ಯದೊಳಗಿವೆ. ಯಾರ್ಕ್‌ಟೌನಿನಲ್ಲಿ ನಮ್ಮ ಶ್ರೀರಂಗಪಟ್ಟಣದ ಇತಿಹಾಸದ ಒಂದು ಎಳೆಯೂ ಸಿಗುತ್ತದೆ.

ಇಂಥ ಮನೆಗಳಿಗೆ ಹೋದ ಕುಟುಂಬಗಳು ಬೇಸರಪಟ್ಟು ಬರುವುದಕ್ಕೆ ಮುಖ್ಯ ಕಾರಣ, ಹಗ್ಗದ ಈಚೆ ನಿಂತು ಕುರ್ಚಿ, ಮಂಚ, ಪಿಂಗಾಣಿ ನೋಡುತ್ತ ಸಾಗುವುದು. ಹತ್ತು ನಿಮಿಷಕ್ಕೆ ಮಕ್ಕಳಿಗೆ ಸಾಕಾಗುತ್ತದೆ, ಅರ್ಧ ಗಂಟೆಗೆ ಅಜ್ಜಿಗೆ ಕಾಲು ಹಿಡಿಯುತ್ತದೆ. ಆ ಮನೆ ಹೇಗೆ ನಡೆಯುತ್ತಿತ್ತು ಎಂದು ಹುಡುಕಿಕೊಂಡು ಹೋದರೆ ಅನುಭವವೇ ಬೇರೆ. ನೀರು ಎಲ್ಲಿಂದ ಬರುತ್ತಿತ್ತು? ಒಲೆ ಎಲ್ಲಿತ್ತು? ಕಾಳುಕಡಿ ಎಲ್ಲಿಡುತ್ತಿದ್ದರು? ಈ ಕೆಲಸವೆಲ್ಲ ಮಾಡಿದವರು ಯಾರು, ರಾತ್ರಿ ಅವರು ಮಲಗುತ್ತಿದ್ದುದು ಎಲ್ಲಿ? ಹಳ್ಳಿಮನೆಯಲ್ಲಿ ಬೆಳೆದ ಹಿರಿಯರಿಗೆ ಈ ಪ್ರಶ್ನೆಗಳಲ್ಲಿ ನಿಮಗಿಂತ ಹೆಚ್ಚು ಆಸಕ್ತಿ ಇರುತ್ತದೆ. ಕೆಳಗಿನ ಯೋಜನೆಯನ್ನು ಅದೇ ದೃಷ್ಟಿಯಿಂದ ಮಾಡಿದೆ.

ಹಂತ 1: ದಾರಿ ಮತ್ತು ದಿನಗಳ ಲೆಕ್ಕ

ಮೊದಲ ನಿಯಮ: ದಿನಕ್ಕೆ ಒಂದೇ ಮನೆ. ಮೌಂಟ್ ವರ್ನನ್ ಮತ್ತು ಮಾಂಟಿಸೆಲೊ ನಡುವೆ ಎರಡೂವರೆ ಗಂಟೆ ಡ್ರೈವ್ ಅಷ್ಟೇ ಎಂದು ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಎರಡೂ ಕೆಡುತ್ತವೆ. ಒಂದೊಂದು ಕಡೆಯೂ ಮನೆಯೊಳಗಿನ ಸುತ್ತು ಮುಗಿದ ಮೇಲೆ ತೋಟ, ಕೊಟ್ಟಿಗೆ, ಅಡುಗೆಮನೆ, ಸಮಾಧಿ, ಮ್ಯೂಸಿಯಂ ಅಂತ ನಾಲ್ಕೈದು ಗಂಟೆ ಬೇಕು.

ಡಿಸಿ ಸುತ್ತಮುತ್ತಲಿಂದ ಹೊರಡುವವರಿಗೆ ಈ ಕ್ರಮ ಸರಿಹೋಗುತ್ತದೆ. ಮೊದಲ ದಿನ ಮೌಂಟ್ ವರ್ನನ್. ಡಿಸಿಯಿಂದ ಸುಮಾರು 15 ಮೈಲಿ. ಅದೇ ಸಂಜೆ ಷಾರ್ಲಟ್ಸ್‌ವಿಲ್‌ಗೆ ಹೋಗಿ ಉಳಿದುಕೊಳ್ಳಿ. ಎರಡನೇ ದಿನ ಬೆಳಗ್ಗೆ ಮಾಂಟಿಸೆಲೊ, ಮಧ್ಯಾಹ್ನದ ಮೇಲೆ ಇಂಟರ್‌ಸ್ಟೇಟ್ 64 ಹಿಡಿದು ವಿಲಿಯಮ್ಸ್‌ಬರ್ಗ್. ಸುಮಾರು 120 ಮೈಲಿ, ಎರಡು ಗಂಟೆ. ಅಲ್ಲಿ ಮೂರು ರಾತ್ರಿ ಒಂದೇ ಹೋಟೆಲಿನಲ್ಲಿ ಇದ್ದುಬಿಡಿ. ಮೂರನೇ ದಿನ ಇಡೀ ವಿಲಿಯಮ್ಸ್‌ಬರ್ಗ್, ನಾಲ್ಕನೇ ದಿನ ಜೇಮ್ಸ್‌ಟೌನ್, ಐದನೇ ದಿನ ಯಾರ್ಕ್‌ಟೌನ್ ನೋಡಿಕೊಂಡು ಮನೆ ಕಡೆ.

ವಾಪಸು ಬರುವ ದಿನ ಭಾನುವಾರ ಸಂಜೆ ಆಗದಂತೆ ನೋಡಿಕೊಳ್ಳಿ. ವಿಲಿಯಮ್ಸ್‌ಬರ್ಗ್‌ನಿಂದ ಡಿಸಿಗೆ ಸುಮಾರು 150 ಮೈಲಿ; ರಸ್ತೆ ಖಾಲಿ ಇದ್ದರೆ ಎರಡೂವರೆ ಗಂಟೆ. ಆದರೆ ಇಂಟರ್‌ಸ್ಟೇಟ್ 95 ಫ್ರೆಡೆರಿಕ್ಸ್‌ಬರ್ಗ್ ಬಳಿ ರಜೆಯ ಕೊನೆಯ ಸಂಜೆ ನಿಂತೇ ಹೋಗುತ್ತದೆ, ನಾಲ್ಕು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಇನ್ನೊಂದು ಎಚ್ಚರಿಕೆ: ವರ್ಜೀನಿಯಾದಲ್ಲಿ ಗಂಟೆಗೆ 85 ಮೈಲಿ ದಾಟಿದರೆ, ಅಥವಾ ಮಿತಿಗಿಂತ 20 ಮೈಲಿ ಜಾಸ್ತಿ ಓಡಿಸಿದರೆ, ಅದು ಬರೀ ದಂಡ ಕಟ್ಟಿ ಮುಗಿಸುವ ತಪ್ಪಲ್ಲ, ಕ್ರಿಮಿನಲ್ ಅಪರಾಧ. ವೀಸಾದ ಮೇಲೆ ಇರುವವರಿಗೆ ಇದು ಮುಂದೆ ತೊಡಕಾಗಬಹುದು. ಎಂಟು ವರ್ಷದೊಳಗಿನ ಮಕ್ಕಳಿಗೆ ಕಾರ್ ಸೀಟ್ ಅಥವಾ ಬೂಸ್ಟರ್ ಕಡ್ಡಾಯ. ಬೇರೆ ರಾಜ್ಯದಿಂದ ವಿಮಾನದಲ್ಲಿ ಬಂದು ಬಾಡಿಗೆ ಕಾರು ಹಿಡಿಯುವವರು ಇದನ್ನು ಕಾರಿನ ಜೊತೆಗೇ ಬುಕ್ ಮಾಡಬೇಕು.

ಕಾಲ ಯಾವುದು ಒಳ್ಳೆಯದು? ಏಪ್ರಿಲ್ ಕೊನೆಯಿಂದ ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರ. ಜುಲೈ, ಆಗಸ್ಟಿನ ಸೆಕೆ ಮಂಗಳೂರಿನದೇ ಥರ, ಬೆವರು ಆರುವುದಿಲ್ಲ. ಶಾಲೆಗೆ ರಜೆ ಅಂತ ಬೇಸಿಗೆಯಲ್ಲೇ ಹೋಗಬೇಕಾದರೆ ಬಯಲಿನಲ್ಲಿ ನೋಡುವುದನ್ನೆಲ್ಲ ಬೆಳಗ್ಗೆ ಹನ್ನೊಂದರೊಳಗೆ ಮುಗಿಸಿ, ಬಿಸಿಲೇರಿದ ಮೇಲೆ ಮ್ಯೂಸಿಯಂ ಒಳಗೆ ಸೇರಿಕೊಳ್ಳಿ.

ಹಂತ 2: ಟಿಕೆಟ್ ಕೊಳ್ಳುವ ಮುಂಚೆ ಯಾರ ಜಾಗ ಎಂದು ತಿಳಿಯಿರಿ

ಅತಿ ಹೆಚ್ಚು ಗೊಂದಲ ಆಗುವುದು ಇಲ್ಲೇ. ನ್ಯಾಷನಲ್ ಪಾರ್ಕಿನ ವಾರ್ಷಿಕ ಪಾಸ್ ಇದೆ, ಎಲ್ಲ ಕಡೆ ನಡೆಯುತ್ತದೆ ಅಂದುಕೊಂಡು ಗೇಟಿನ ತನಕ ಹೋಗಿ ಆರು ಜನಕ್ಕೆ ಹೊಸದಾಗಿ ಟಿಕೆಟ್ ಕೊಳ್ಳುವವರು ಬಹಳ.

ಮೌಂಟ್ ವರ್ನನ್ ಸರ್ಕಾರದ್ದಲ್ಲ. ವಾಷಿಂಗ್ಟನ್ ಮನೆತನದವರಿಂದ 1858ರಲ್ಲಿ 2 ಲಕ್ಷ ಡಾಲರಿಗೆ ಅದನ್ನು ಕೊಂಡದ್ದು ಮಹಿಳೆಯರ ಒಂದು ಸಂಘ, ಇವತ್ತಿಗೂ ಅದೇ ಸಂಘದ ಒಡೆತನದಲ್ಲಿದೆ. ಮಾಂಟಿಸೆಲೊ 1923ರಿಂದ ಥಾಮಸ್ ಜೆಫರ್ಸನ್ ಫೌಂಡೇಶನ್ ಕೈಯಲ್ಲಿದೆ. ವಿಲಿಯಮ್ಸ್‌ಬರ್ಗ್‌ಗೂ ತನ್ನದೇ ಪ್ರತಿಷ್ಠಾನ ಇದೆ. ಈ ಮೂರರಲ್ಲೂ ಪಾರ್ಕ್ ಪಾಸ್ ನಡೆಯುವುದಿಲ್ಲ.

ಜೇಮ್ಸ್‌ಟೌನ್ ಹೆಸರಿನಲ್ಲಿ ಎರಡು ಜಾಗ ಇವೆ, ಯಾರ್ಕ್‌ಟೌನ್ ಹೆಸರಿನಲ್ಲೂ ಎರಡು. ಮೂಲ ನೆಲ ನೋಡಬೇಕಾದರೆ ‘ಹಿಸ್ಟಾರಿಕ್ ಜೇಮ್ಸ್‌ಟೌನ್’ ಮತ್ತು ‘ಯಾರ್ಕ್‌ಟೌನ್ ಬ್ಯಾಟಲ್‌ಫೀಲ್ಡ್’. ಯುದ್ಧಭೂಮಿಗೆ ಪಾರ್ಕ್ ಪಾಸ್ ನಡೆಯುತ್ತದೆ. ಹಿಸ್ಟಾರಿಕ್ ಜೇಮ್ಸ್‌ಟೌನಿನಲ್ಲಿ ಒಂದು ಭಾಗ ನ್ಯಾಷನಲ್ ಪಾರ್ಕಿನದು, ಇನ್ನೊಂದು ಭಾಗ ಪ್ರಿಸರ್ವೇಶನ್ ವರ್ಜೀನಿಯಾ ಎಂಬ ಸಂಸ್ಥೆಯದು, ಆದ್ದರಿಂದ ಪಾಸ್ ಇದ್ದರೂ ಇನ್ನೊಂದು ಪಾಲಿನ ಹಣ ಕೊಡಬೇಕು. ‘ಜೇಮ್ಸ್‌ಟೌನ್ ಸೆಟ್ಲ್‌ಮೆಂಟ್’ ಮತ್ತು ಯಾರ್ಕ್‌ಟೌನಿನ ‘ಅಮೆರಿಕನ್ ರೆವಲ್ಯೂಷನ್ ಮ್ಯೂಸಿಯಂ’ ರಾಜ್ಯ ಸರ್ಕಾರದ ಮ್ಯೂಸಿಯಂಗಳು. ಎರಡಕ್ಕೂ ಸೇರಿಸಿ ಕೊಂಡರೆ ಅಗ್ಗ. ಜಿಪಿಎಸ್‌ನಲ್ಲಿ ಬರೀ ‘ಜೇಮ್ಸ್‌ಟೌನ್’ ಎಂದು ಹಾಕಬೇಡಿ, ಪೂರ್ತಿ ಹೆಸರು ಹಾಕಿ.

ಮಗು ನಾಲ್ಕನೇ ತರಗತಿಯಲ್ಲಿದ್ದರೆ ಆ ವರ್ಷ ಫೆಡರಲ್ ಪಾರ್ಕುಗಳಿಗೆ ಉಚಿತ ಪಾಸ್ ಸಿಗುವ ಯೋಜನೆ ಇದೆ; ಮನೆಯಲ್ಲೇ ಆನ್‌ಲೈನ್‌ನಲ್ಲಿ ತೆಗೆದು ಪ್ರಿಂಟ್ ಮಾಡಿಕೊಳ್ಳಿ. ಊರಿನಿಂದ ಬಂದವರಿಗೂ ಇಲ್ಲಿನ ನಿವಾಸಿಗಳಿಗೂ ವಾರ್ಷಿಕ ಪಾಸಿನ ನಿಯಮ ಒಂದೇ ಅಲ್ಲ, ಕೊಳ್ಳುವ ಮುಂಚೆ ಓದಿ. ಗುರುತಿನ ಚೀಟಿ ಜೊತೆಗಿರಲಿ.

ಮೌಂಟ್ ವರ್ನನ್, ಮಾಂಟಿಸೆಲೊ ಎರಡರಲ್ಲೂ ಮನೆಯೊಳಗೆ ಹೋಗಲು ನಿಗದಿತ ಸಮಯ ಇರುತ್ತದೆ. ಬೆಳಗಿನ ಮೊದಲ ಒಂದು ಗಂಟೆಯೊಳಗಿನ ಸಮಯವನ್ನೇ ಆರಿಸಿ, ವಾರಾಂತ್ಯವಾದರೆ ಎರಡು ಮೂರು ವಾರ ಮೊದಲೇ. ಟಿಕೆಟಿನ ಮೇಲಿನ ಸಮಯ ಮನೆಯ ಬಾಗಿಲಿನದು, ಪಾರ್ಕಿಂಗಿನದಲ್ಲ. ಕಾರು ನಿಲ್ಲಿಸಿ, ಶೌಚಾಲಯ ಮುಗಿಸಿ, ಹಿರಿಯರ ನಡಿಗೆಯಲ್ಲಿ ಮನೆ ಮುಟ್ಟಲು 40 ನಿಮಿಷ ಇಟ್ಟುಕೊಳ್ಳಿ. ಮೌಂಟ್ ವರ್ನನ್ ಮನೆಯ ದೊಡ್ಡ ದುರಸ್ತಿ ಇತ್ತೀಚಿನ ವರ್ಷಗಳಲ್ಲಿ ಹಂತಹಂತವಾಗಿ ನಡೆದುಬಂದಿದೆ, ಯಾವ ಕೋಣೆ ತೆರೆದಿದೆ ಎಂಬುದನ್ನು ಬುಕ್ ಮಾಡುವಾಗಲೇ ನೋಡಿ.

ಹಂತ 3: ಚೀಲ, ಚಪ್ಪಲಿ, ಬುತ್ತಿ

ಹಳೇ ಮನೆಗಳ ಒಳಗೆ ಸ್ಟ್ರೋಲರ್, ದೊಡ್ಡ ಬ್ಯಾಕ್‌ಪ್ಯಾಕ್, ತಿಂಡಿ, ಜ್ಯೂಸ್ ಬಿಡುವುದಿಲ್ಲ. ಕೈಗೂಸಿದ್ದರೆ ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ತನ್ನಿ. ಬೆನ್ನಿಗೆ ಕಟ್ಟುವ ಲೋಹದ ಚೌಕಟ್ಟಿನದು ಬಾಗಿಲ ಚೌಕಟ್ಟಿಗೆ, ಚಿತ್ರಪಟಗಳಿಗೆ ತಗಲುತ್ತದೆ ಎಂದು ತಡೆಯುತ್ತಾರೆ. ಅಮ್ಮ ಸೀರೆ ಉಡುವವರಾದರೆ ಮೆಟ್ಟಿಲು ಹತ್ತುವ ದಿನ ನೆರಿಗೆ ಸ್ವಲ್ಪ ಮೇಲಕ್ಕೆ, ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ. ವಿಲಿಯಮ್ಸ್‌ಬರ್ಗ್‌ನಲ್ಲಿ ಇಟ್ಟಿಗೆಯ ಕಾಲುದಾರಿ ಏರುತಗ್ಗು, ಹವಾಯಿ ಚಪ್ಪಲಿಯಲ್ಲಿ ಎಡವುತ್ತಾರೆ.

ಗಾಲಿಕುರ್ಚಿ ಬೇಕು ಅನ್ನಿಸುವ ಮುಂಚೆಯೇ ಕೇಳಿ ಪಡೆಯಿರಿ. ನಮ್ಮ ಹಿರಿಯರು ಸಂಕೋಚದಿಂದ ‘ನಡೀತೀನಿ ಬಿಡಪ್ಪ’ ಅನ್ನುತ್ತಾರೆ, ಎರಡು ಗಂಟೆಯ ಹೊತ್ತಿಗೆ ಮಂಡಿ ಊದಿರುತ್ತದೆ. ಸ್ವಾಗತ ಕೇಂದ್ರಗಳಲ್ಲಿ ಇರುವ ಕುರ್ಚಿಗಳು ಕೆಲವೇ, ಮೊದಲು ಬಂದವರಿಗೆ. ಮೌಂಟ್ ವರ್ನನ್, ಮಾಂಟಿಸೆಲೊ ಎರಡೂ ಮನೆಗಳ ಕೆಳಮಹಡಿಗೆ ಕುರ್ಚಿ ಹೋಗುತ್ತದೆ, ಮೇಲಕ್ಕೆ ಮೆಟ್ಟಿಲೇ ಗತಿ.

ಸಸ್ಯಾಹಾರಿಗಳು ಊಟ ಕಟ್ಟಿಕೊಂಡೇ ಹೊರಡುವುದು ಒಳ್ಳೆಯದು. ವಿಲಿಯಮ್ಸ್‌ಬರ್ಗ್‌ನ ಹಳೇ ಶೈಲಿಯ ಟಾವರ್ನ್‌ಗಳ ಅಡುಗೆಯಲ್ಲಿ ಮಾಂಸದ್ದೇ ಮೇಲುಗೈ. ಪುಳಿಯೋಗರೆ ಎರಡನೇ ದಿನಕ್ಕೂ ಕೆಡುವುದಿಲ್ಲ. ಮೊಸರನ್ನ ಮಾಡುವುದಾದರೆ ಬಿಸಿ ಅನ್ನವನ್ನು ಹಾಲಿನಲ್ಲಿ ಮೆತ್ತಗೆ ಕಲಸಿ, ಆರಿದ ಮೇಲೆ ಎರಡು ಚಮಚ ಮೊಸರು ಮಾತ್ರ ಹಾಕಿ ಕೂಲರಿನಲ್ಲಿಡಿ; ಬೆಳಗ್ಗೆಯೇ ಪೂರ್ತಿ ಮೊಸರಿನಲ್ಲಿ ಕಲಸಿದರೆ ಮಧ್ಯಾಹ್ನಕ್ಕೆ ಹುಳಿ. ತಿನ್ನುವುದು ಮನೆಗಳ ಅಂಗಳದಲ್ಲಲ್ಲ, ಸ್ವಾಗತ ಕೇಂದ್ರದ ಬಳಿಯ ಮೇಜುಗಳಲ್ಲಿ. ಹುಲ್ಲಿನಲ್ಲಿ ಚಾಪೆ ಹಾಸಿ ಕೂತರೆ ರಾತ್ರಿ ಮಕ್ಕಳ ಮೊಣಕಾಲಿನ ಹಿಂದೆ, ಕಿವಿಯ ಹಿಂದೆ ಉಣ್ಣಿ (ರಕ್ತ ಹೀರುವ ಟಿಕ್) ಕಚ್ಚಿದೆಯೇ ಎಂದು ನೋಡಲೇಬೇಕು. ಇಲ್ಲಿನ ಜಿಂಕೆ ಉಣ್ಣಿಯಿಂದ ಲೈಮ್ ರೋಗ ಬರುತ್ತದೆ.

ಹಂತ 4: ಮೌಂಟ್ ವರ್ನನ್

ವರ್ಷದ ಎಲ್ಲ ದಿನವೂ ತೆರೆದಿರುತ್ತದೆ. ಕಾರಿಲ್ಲದವರು ಮೆಟ್ರೋದಲ್ಲಿ ಹಂಟಿಂಗ್ಟನ್ ನಿಲ್ದಾಣಕ್ಕೆ ಬಂದು ಅಲ್ಲಿಂದ ಫೇರ್‌ಫ್ಯಾಕ್ಸ್ ಕನೆಕ್ಟರ್ ಬಸ್ ಹಿಡಿಯಬಹುದು.

ಮನೆಯ ಮುಂದೆ ನಿಂತಾಗ ಮಕ್ಕಳಿಗೆ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಗೋಡೆ ಯಾವುದರದ್ದು? ದೂರದಿಂದ ಎಲ್ಲರೂ ಕಲ್ಲು ಅನ್ನುತ್ತಾರೆ. ಹತ್ತಿರ ಹೋಗಿ, ಮುಟ್ಟದೆ, ಓರೆಯಾಗಿ ಬೆಳಕು ಬೀಳುವ ಕಡೆಯಿಂದ ನೋಡಲಿ. ಪೈನ್ ಮರದ ಹಲಗೆಗಳ ಅಂಚು ಕೆತ್ತಿ ಕಲ್ಲಿನ ಚಪ್ಪಡಿಯಂತೆ ಗೆರೆ ಮಾಡಿದ್ದಾರೆ, ಬಣ್ಣ ಹಸಿ ಇರುವಾಗ ಅದರ ಮೇಲೆ ಮರಳು ಎರಚಿದ್ದಾರೆ. ಬಣ್ಣದಡಿ ಮರಳಿನ ಕಾಳು ಕಾಳು ಕಾಣುತ್ತದೆ. ಅದನ್ನು ಕಂಡುಹಿಡಿದ ಮಗು ಮುಂದಿನ ಎಲ್ಲ ಮನೆಗಳಲ್ಲೂ ಗೋಡೆ ನೋಡುತ್ತದೆ.

ಮನೆಯೊಳಗಿನ ಸುತ್ತು ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಸಾಲು ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ಹಾಗಾಗಿ ಎಲ್ಲವನ್ನೂ ನೋಡುವ ಆಸೆ ಬಿಡಿ, ಎರಡು ವಸ್ತು ಮೊದಲೇ ಆರಿಸಿಕೊಳ್ಳಿ. ನಡುಮನೆಯ ಗೋಡೆಯಲ್ಲಿ ಒಂದು ದೊಡ್ಡ ಕಬ್ಬಿಣದ ಬೀಗದ ಕೈ ಇದೆ. ಪ್ಯಾರಿಸ್ಸಿನ ಬಾಸ್ಟೀಲ್ ಸೆರೆಮನೆಯದು, 1790ರಲ್ಲಿ ವಾಷಿಂಗ್ಟನ್ ಜೊತೆ ಹೋರಾಡಿದ್ದ ಫ್ರೆಂಚ್ ಸೇನಾನಿ ಲಫಾಯೆಟ್ ಕಳಿಸಿಕೊಟ್ಟದ್ದು. ಮೇಲ್ಮಹಡಿ ತೆರೆದಿದ್ದರೆ ಮಲಗುವ ಕೋಣೆ. 1799ರ ಡಿಸೆಂಬರ್ 14ರಂದು ವಾಷಿಂಗ್ಟನ್ ತೀರಿಕೊಂಡದ್ದು ಅಲ್ಲೇ. ಹೊರಗೆ ಬಂದ ಮೇಲೆ ನದಿಯ ಕಡೆಯ ಎತ್ತರದ ಜಗುಲಿಯಲ್ಲಿ ಅಜ್ಜಿ ತಾತನನ್ನು ಕುರ್ಚಿಯಲ್ಲಿ ಕೂರಿಸಿ. ಎದುರು ದಡದಲ್ಲಿ ಕಟ್ಟಡ ಏಳದ ಹಾಗೆ ಪಿಸ್ಕಾಟವೇ ಪಾರ್ಕಿನ ನೆಲವನ್ನು ಕಾಯ್ದಿಟ್ಟಿದ್ದಾರೆ, ಆದ್ದರಿಂದ ಪೊಟೊಮ್ಯಾಕ್ ನದಿ ಆಗಿನ ಹಾಗೇ ಕಾಣುತ್ತದೆ.

ತಾತನಿಗೆ ಹಿಡಿಸುವುದು ಕೆಳಗಿನ ಹೊಲದ ಬಳಿಯ ಹದಿನಾರು ಮೂಲೆಯ ಕಣಜದ ಕಟ್ಟಡ. 1792ರಲ್ಲಿ ವಾಷಿಂಗ್ಟನ್ ತಾನೇ ನಕ್ಷೆ ಬರೆದದ್ದು, ಈಗಿರುವುದು ಮರುನಿರ್ಮಾಣ. ನಮ್ಮಲ್ಲಿ ಕಣದಲ್ಲಿ ಎತ್ತು ತಿರುಗಿಸಿ ಒಕ್ಕಣೆ ಮಾಡಿದ ಹಾಗೆಯೇ ಇಲ್ಲಿ ಮೇಲ್ಮಹಡಿಯ ಹಲಗೆಯ ಮೇಲೆ ಗೋಧಿ ಹರಡಿ ಕುದುರೆ ಓಡಿಸುತ್ತಿದ್ದರು. ಹಲಗೆಗಳ ನಡುವೆ ಸಂದು ಬಿಟ್ಟಿದ್ದರಿಂದ ಕಾಳು ಕೆಳಗಿನ ಅಂತಸ್ತಿಗೆ ಉದುರುತ್ತಿತ್ತು, ಹುಲ್ಲು ಮೇಲೇ ಉಳಿಯುತ್ತಿತ್ತು. ಮಳೆ ಬಂದರೂ ಒಕ್ಕಣೆ ನಿಲ್ಲದು, ಕಾಳಿಗೆ ಮಣ್ಣು ಸೇರದು. ಅಲ್ಲಿಗೆ ಇಳಿಜಾರು ಕಡಿದು, ಹತ್ತಿ ಬರುವುದು ಕಷ್ಟ. ಶಟಲ್ ಓಡುತ್ತಿದೆಯೇ ಎಂದು ಗೇಟಿನಲ್ಲೇ ಕೇಳಿ.

ಮ್ಯೂಸಿಯಂನಲ್ಲಿ ವಾಷಿಂಗ್ಟನ್ನರ ಹಲ್ಲಿನ ಸೆಟ್ ಇದೆ. ಮರದ ಹಲ್ಲು ಎಂಬುದು ದಂತಕಥೆ. ಸೀಸ, ದಂತ, ಮನುಷ್ಯರ ಮತ್ತು ಪ್ರಾಣಿಗಳ ಹಲ್ಲು ಸೇರಿಸಿ ಮಾಡಿದವು ಅವು. ಮಕ್ಕಳು ಇದನ್ನು ಮರೆಯುವುದೇ ಇಲ್ಲ.

ಹಂತ 5: ಗುಲಾಮಗಿರಿಯ ಮಾತನ್ನು ಮುಂದೂಡಬೇಡಿ

ಮನೆಯ ಒಡೆಯ ಮಹಾಪುರುಷ ಎಂದಷ್ಟೇ ಹೇಳಿ ಮಕ್ಕಳನ್ನು ಕರೆದುಕೊಂಡು ಬಂದರೆ ಗುಲಾಮರ ವಸತಿ ಕಂಡಾಗ ಅವರು ಗಲಿಬಿಲಿಯಾಗುತ್ತಾರೆ. ಕಾರಿನಲ್ಲೇ ಹೇಳಿ. 1799ರಲ್ಲಿ ಮೌಂಟ್ ವರ್ನನ್ನಿನಲ್ಲಿ 317 ಜನ ಗುಲಾಮಗಿರಿಯಲ್ಲಿ ಇದ್ದರು. ವಾಷಿಂಗ್ಟನ್ ತನ್ನ ಉಯಿಲಿನಲ್ಲಿ ತನಗೆ ಸೇರಿದವರಿಗೆ ಬಿಡುಗಡೆ ಬರೆದ. ಉಳಿದವರಲ್ಲಿ ಬಹುಪಾಲು ಜನ ಹೆಂಡತಿಯ ಮೊದಲ ಗಂಡನ ಆಸ್ತಿಯ ಲೆಕ್ಕದವರು, ಅವರಿಗೆ ಆ ಬಿಡುಗಡೆ ಸಿಗಲಿಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರು ಈ ಪಟ್ಟಿಯಲ್ಲಿ, ಇನ್ನೊಬ್ಬರು ಆ ಪಟ್ಟಿಯಲ್ಲಿ ಇದ್ದ ಸಂಸಾರಗಳು ಒಡೆದವು.

ಆರೇಳು ವರ್ಷದ ಮಗುವಿಗೆ ಮೂರು ವಾಕ್ಯ ಸಾಕು: ಅವರಿಗೆ ಕೂಲಿ ಕೊಡುತ್ತಿರಲಿಲ್ಲ, ಬಿಟ್ಟುಹೋಗಲು ಬಿಡುತ್ತಿರಲಿಲ್ಲ, ಮಕ್ಕಳನ್ನು ಅಪ್ಪ ಅಮ್ಮನಿಂದ ಬೇರೆ ಮಾಡಿ ಮಾರಬಹುದಿತ್ತು. ಹತ್ತು ವರ್ಷ ದಾಟಿದವರಿಗೆ ಓನಾ ಜಡ್ಜ್ ಕಥೆ ಹೇಳಿ. ಮಾರ್ಥಾ ವಾಷಿಂಗ್ಟನ್ನರ ಸೇವೆಯಲ್ಲಿದ್ದ ಆಕೆ 1796ರಲ್ಲಿ ಫಿಲಡೆಲ್ಫಿಯಾದಿಂದ ತಪ್ಪಿಸಿಕೊಂಡು ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಅಧ್ಯಕ್ಷನೇ ಹುಡುಕಿಸಿದರೂ ಹಿಂದಿರುಗಲಿಲ್ಲ. ಹಿರಿಯರು ‘ನಮ್ಮ ಕಡೆಯ ಜೀತದ ಹಾಗೆ’ ಅನ್ನಬಹುದು. ಸಾಲ ತೀರಿದರೆ ಬಿಡುಗಡೆ ಎಂಬ ಮಾತು ಇಲ್ಲಿ ಇರಲೇ ಇಲ್ಲ, ತಾಯಿ ಗುಲಾಮಳಾದರೆ ಹುಟ್ಟುವ ಮಗುವೂ ಗುಲಾಮ ಎಂದು ವರ್ಜೀನಿಯಾ 1662ರಲ್ಲೇ ಕಾನೂನು ಮಾಡಿತ್ತು ಎಂದು ಅವರಿಗೂ ತಿಳಿಸಿ. ಸಮಾಧಿಯ ಬಳಿ ಗುಲಾಮರ ಸ್ಮಾರಕ ಇದೆ; ವಾಷಿಂಗ್ಟನ್ನರ ಸಮಾಧಿ ನೋಡಿ ಅದನ್ನು ನೋಡದೆ ಹೋಗುವುದು ಸರಿಯಲ್ಲ.

ಹಂತ 6: ಮಾಂಟಿಸೆಲೊ

ಮಕ್ಕಳ ಕೈಯಲ್ಲಿ ಒಂದೊಂದು ಐದು ಸೆಂಟಿನ ನಾಣ್ಯ ಕೊಡಿ. ಒಂದು ಕಡೆ ಜೆಫರ್ಸನ್, ಹಿಂದುಗಡೆ ಇದೇ ಮನೆ. ನಾಣ್ಯದಲ್ಲಿ ಇರುವುದು ಪಶ್ಚಿಮದ ಮುಖ, ಟೂರ್ ಶುರುವಾಗುವುದು ಪೂರ್ವದ ಬಾಗಿಲಿನಿಂದ. ಆದ್ದರಿಂದ ನಾಣ್ಯದ ಚಿತ್ರ ಸರಿಯಾಗಿ ಹೊಂದುವ ಜಾಗ ಹುಡುಕಲು ಅವರು ಇಡೀ ಮನೆ ಸುತ್ತುತ್ತಾರೆ.

ಕಾರು ಬೆಟ್ಟದ ಬುಡದಲ್ಲಿ ನಿಲ್ಲುತ್ತದೆ, ಮೇಲಕ್ಕೆ ಶಟಲ್. ಟೂರ್ ಸುಮಾರು ಮುಕ್ಕಾಲು ಗಂಟೆ, ನಿಂತೇ ಕೇಳಬೇಕು. ಗೈಡ್ ಇಂಗ್ಲಿಷ್ ಹಿರಿಯರಿಗೆ ವೇಗವಾಯಿತು ಅನ್ನಿಸಿದರೆ ಪಿಸುಮಾತಿನಲ್ಲಿ ಅನುವಾದ ಮಾಡುತ್ತ ಹೋಗಬೇಡಿ, ಪಕ್ಕದವರಿಗೆ ತೊಂದರೆ, ನಿಮಗೂ ಅರ್ಧ ತಪ್ಪುತ್ತದೆ. ಶಟಲ್‌ಗೆ ಕಾಯುವಾಗಲೇ ಹತ್ತು ನಿಮಿಷದಲ್ಲಿ ಮನೆಯ ಕಥೆ ಕನ್ನಡದಲ್ಲಿ ಹೇಳಿಬಿಡಿ. ಒಳಗೆ ಅವರು ಕಣ್ಣಿನಿಂದ ನೋಡಿಕೊಳ್ಳುತ್ತಾರೆ.

ಪ್ರವೇಶ ಕೋಣೆಯಲ್ಲೇ ಇರುವ ಗಡಿಯಾರದ ಎದುರು ಸರಿಯಾದ ಜಾಗ ಹಿಡಿಯಿರಿ. ಬಾಗಿಲಿನ ಮೇಲೆ ಗಡಿಯಾರ. ಎರಡು ಮೂಲೆಗಳಲ್ಲಿ ಹಗ್ಗಕ್ಕೆ ಪೋಣಿಸಿದ ಫಿರಂಗಿ ಗುಂಡಿನಂಥ ತೂಕಗಳು. ಭಾನುವಾರ ಕೀಲಿ ಕೊಟ್ಟರೆ ತೂಕ ದಿನದಿನಕ್ಕೆ ಇಳಿಯುತ್ತ ಗೋಡೆಯ ಮೇಲೆ ಬರೆದ ವಾರದ ಹೆಸರುಗಳನ್ನು ದಾಟುತ್ತದೆ. ವಾರ ಪೂರ್ತಿ ಮಾಡಲು ಕೋಣೆಯ ಎತ್ತರ ಸಾಲಲಿಲ್ಲ. ಜೆಫರ್ಸನ್ ನೆಲಕ್ಕೆ ತೂತು ಕೊರೆಸಿ ತೂಕವನ್ನು ನೆಲಮಾಳಿಗೆಗೆ ಇಳಿಸಿದ. ಶನಿವಾರ ಇರುವುದು ಅಲ್ಲಿ ಕೆಳಗೆ. ಹೊರಗೋಡೆಯ ಮೇಲೂ ಇದೇ ಗಡಿಯಾರದ ಮುಖ ಇದೆ, ಅದಕ್ಕೆ ಗಂಟೆಯ ಮುಳ್ಳು ಮಾತ್ರ. ಹೊಲದಲ್ಲಿ ದುಡಿಯುವವರಿಗೆ ನಿಮಿಷದ ಲೆಕ್ಕ ಬೇಡ ಎಂಬ ಎಣಿಕೆ.

ಮೇಲ್ಮಹಡಿ, ಗುಮ್ಮಟದ ಕೋಣೆಗೆ ಬೇರೆ ಟಿಕೆಟ್. ಮೆಟ್ಟಿಲು ಎರಡೇ ಅಡಿ ಅಗಲ, ತುಂಬ ಕಡಿದು. ಚಿಕ್ಕ ಮಕ್ಕಳಿಗೆ ಬಿಡುವುದಿಲ್ಲ, ಮಂಡಿ ನೋವಿರುವವರು ಹತ್ತಬಾರದು. ಅಷ್ಟು ಹೊತ್ತನ್ನು ತೋಟಕ್ಕೆ ಕೊಡುವುದೇ ಉತ್ತಮ. ಬೆಟ್ಟದ ಇಳಿಜಾರಿನಲ್ಲಿ ಸಾವಿರ ಅಡಿ ಉದ್ದದ ತರಕಾರಿ ತೋಟ. ಜೆಫರ್ಸನ್ ಬೆಂಡೆ, ಬದನೆ ಬೆಳೆಸಿದ. ಎಳ್ಳೆಣ್ಣೆಯ ರುಚಿಗೆ ಮಾರುಹೋಗಿ ಎಳ್ಳು ಬಿತ್ತಿದ. ಬೇಸಿಗೆಯ ಕೊನೆಯಲ್ಲಿ ಹೋದರೆ ಅಮ್ಮಂದಿರು ಅಲ್ಲಿಂದ ಬೇಗ ಕದಲುವುದಿಲ್ಲ. ಪಕ್ಕದ ಮಲ್ಬೆರಿ ಸಾಲಿನಲ್ಲಿ ಮೊಳೆ ಕಾರ್ಖಾನೆ, ಬಡಗಿ ಕೊಟ್ಟಿಗೆ, ಗುಲಾಮರ ಗುಡಿಸಲು ಇದ್ದವು. ಮನೆಯ ದಕ್ಷಿಣ ಭಾಗದ ಕೆಳಗೆ ಅಡುಗೆಮನೆಯೂ, ಜೆಫರ್ಸನ್ ಮನೆಯಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಬದುಕಿನ ಪ್ರದರ್ಶನವೂ ಇದೆ. ‘ಎಲ್ಲ ಮನುಷ್ಯರೂ ಸಮಾನರು’ ಎಂದು ಬರೆದವನು ಸಾಲದಲ್ಲಿ ಸತ್ತ ಮೇಲೆ, 1827ರ ಜನವರಿಯಲ್ಲಿ ಇದೇ ಬೆಟ್ಟದಲ್ಲಿ 130 ಜನರನ್ನು ಹರಾಜಿಗಿಟ್ಟರು. ದೊಡ್ಡ ಮಕ್ಕಳಿಗೆ ಈ ಎರಡನ್ನೂ ಒಟ್ಟಿಗೇ ಹೇಳಿ.

ಇಳಿಯುವಾಗ ಶಟಲ್ ಬೇಡ ಅನ್ನುವವರು ಸ್ಮಶಾನದ ದಾರಿಯಲ್ಲಿ ನಡೆಯಬಹುದು. ಜೆಫರ್ಸನ್ ತನ್ನ ಗೋರಿಗೆ ತಾನೇ ಬರೆದಿಟ್ಟ ಸಾಲುಗಳಲ್ಲಿ ಸ್ವಾತಂತ್ರ್ಯ ಘೋಷಣೆ, ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯದ ಕಾನೂನು, ವರ್ಜೀನಿಯಾ ವಿಶ್ವವಿದ್ಯಾಲಯ ಇವೆ; ಅಧ್ಯಕ್ಷನಾಗಿದ್ದ ಮಾತೇ ಇಲ್ಲ. ಜುಲೈ 4ರಂದು 1963ರಿಂದಲೂ ಇಲ್ಲಿ ಹೊಸ ಪೌರರ ಪ್ರಮಾಣವಚನ ನಡೆಯುತ್ತ ಬಂದಿದೆ. ಅದು ಕಣ್ತುಂಬ ನೋಡುವಂಥದ್ದು. ಮನೆಯನ್ನು ನಿಧಾನವಾಗಿ ನೋಡಲು ಬೇರೆ ದಿನ ಹೋಗಿ.

ಹಂತ 7: ವಿಲಿಯಮ್ಸ್‌ಬರ್ಗ್

1699ರಿಂದ 1780ರವರೆಗೆ ವರ್ಜೀನಿಯಾದ ರಾಜಧಾನಿ. ಸ್ವಾಗತ ಕೇಂದ್ರದಲ್ಲಿ ಕಾರು ಬಿಟ್ಟು ಶಟಲ್ ಹತ್ತಿ. ಬೀದಿಯಲ್ಲಿ ನಡೆಯಲು ಹಣವಿಲ್ಲ. ಕಟ್ಟಡಗಳು, ಕಸುಬಿನ ಅಂಗಡಿಗಳ ಒಳಗೆ ಹೋಗಲು ಟಿಕೆಟ್ ಬೇಕು. ಟಿಕೆಟ್ ಇಲ್ಲದೆ ಒಂದು ಸಂಜೆ ಅಡ್ಡಾಡಿ, ಮರುದಿನ ಟಿಕೆಟ್ ಕೊಂಡು ಒಳಗೆ ಹೋಗುವುದು ಜಾಣತನ. ಎರಡನೇ ದಿನದ ಸಂಜೆ ತಲುಪುವ ಯೋಜನೆ ಅದಕ್ಕೇ.

ಇಲ್ಲಿ ಕಾಣುವುದೆಲ್ಲ ಹಳೆಯದಲ್ಲ ಎಂದು ಮೊದಲೇ ತಿಳಿದಿರಲಿ. 1926ರಲ್ಲಿ ಪಾದ್ರಿ ಗುಡ್‌ವಿನ್ ಮಾತಿಗೆ ಓಗೊಟ್ಟು ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಹಣ ಹಾಕಿ ಜೀರ್ಣೋದ್ಧಾರ ಶುರುಮಾಡಿಸಿದ. ಎಂಬತ್ತಕ್ಕೂ ಹೆಚ್ಚು ಕಟ್ಟಡ ಮೂಲದವು. ಗವರ್ನರನ ಅರಮನೆ 1781ರಲ್ಲಿ ಸುಟ್ಟುಹೋಗಿತ್ತು. ಅಡಿಪಾಯ ಅಗೆದು, ಜೆಫರ್ಸನ್ ಬರೆದಿದ್ದ ಅಳತೆಯ ನಕ್ಷೆ ಮತ್ತು ಆಕ್ಸ್‌ಫರ್ಡಿನಲ್ಲಿ ಸಿಕ್ಕ ಒಂದು ತಾಮ್ರದ ಅಚ್ಚುಫಲಕ ನೋಡಿ 1930ರ ದಶಕದಲ್ಲಿ ಮತ್ತೆ ಕಟ್ಟಿದರು. ನಕ್ಷೆಯಲ್ಲಿ ಮೂಲ ಯಾವುದು, ಮರುನಿರ್ಮಾಣ ಯಾವುದು ಎಂದು ಮಕ್ಕಳು ಗುರುತು ಹಾಕಲಿ.

ಬೆಳಗ್ಗೆ ಅರಮನೆ, ಅಲ್ಲಿಂದ ಮೂರು ಅಥವಾ ನಾಲ್ಕೇ ಕಸುಬಿನ ಅಂಗಡಿ. ಇಪ್ಪತ್ತನ್ನೂ ನೋಡುವ ಹಟ ಬೇಡ. ಕಮ್ಮಾರಸಾಲೆ, ಅಚ್ಚುಕೂಟ, ಇಟ್ಟಿಗೆಗೂಡು ಈ ಮೂರು ಎಲ್ಲ ವಯಸ್ಸಿಗೂ ಹಿಡಿಸುತ್ತವೆ. ಇಟ್ಟಿಗೆಗೂಡಿನಲ್ಲಿ ಬೇಸಿಗೆಯಲ್ಲಿ ಮಕ್ಕಳನ್ನು ಬರಿಗಾಲಲ್ಲಿ ಮಣ್ಣು ತುಳಿಯಲು ಬಿಡುತ್ತಾರೆ. ಒಂದು ಟವೆಲ್, ಬದಲಿ ಬಟ್ಟೆ ಇರಲಿ. ಅಲ್ಲಿ ಕೆಲಸ ಮಾಡುವವರು ನಟರಲ್ಲ, ವರ್ಷಗಟ್ಟಲೆ ಶಾಗಿರ್ದಿ ಮಾಡಿ ಕಲಿತ ಕುಶಲಿಗಳು. ‘ಇದೇನು’ ಎಂದು ಕೇಳುವುದಕ್ಕಿಂತ ‘ಇದರಲ್ಲಿ ಎಲ್ಲಿ ತಪ್ಪಾಗುತ್ತದೆ’ ಎಂದು ಕೇಳಿ ನೋಡಿ, ಅವರ ಮಾತು ಆಗ ಬಿಚ್ಚಿಕೊಳ್ಳುತ್ತದೆ. ಕುದುರೆ ಗಾಡಿಗೆ ಬೇರೆ ಟಿಕೆಟ್, ಬೆಳಗ್ಗೆಯೇ ಮುಗಿದುಹೋಗುತ್ತದೆ.

ತಪ್ಪದೆ ನೋಡಬೇಕಾದ ಇನ್ನೊಂದು, ಬ್ರೇ ಸ್ಕೂಲ್. 1760ರಿಂದ 1774ರವರೆಗೆ ಕಪ್ಪು ಮಕ್ಕಳಿಗೆ, ಅವರಲ್ಲಿ ಬಹುಪಾಲು ಗುಲಾಮಗಿರಿಯಲ್ಲಿ ಇದ್ದವರಿಗೆ, ಪಾಠ ಹೇಳಿದ ಶಾಲೆ. ಅದರ ಮೂಲ ಕಟ್ಟಡವನ್ನು ಗುರುತಿಸಿ 2023ರಲ್ಲಿ ಈ ಹಳೇ ಊರಿನೊಳಕ್ಕೆ ಸಾಗಿಸಿ ತಂದರು.

ಹಂತ 8: ಜೇಮ್ಸ್‌ಟೌನ್

ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಮೊದಲು ಸೆಟ್ಲ್‌ಮೆಂಟ್. ಮೂರು ಹಡಗುಗಳ ಪ್ರತಿಕೃತಿ ಹತ್ತಬಹುದು, ಅಲ್ಲಿನ ಮೂಲನಿವಾಸಿಗಳಾದ ಪೊವ್ಹಾಟನ್ ಜನರ ಮನೆಯೊಳಗೆ ಹೋಗಬಹುದು, ಮುಟ್ಟಲು ಅಡ್ಡಿಯಿಲ್ಲ. ದೊಡ್ಡವರಿಗೆ ಹಿಸ್ಟಾರಿಕ್ ಜೇಮ್ಸ್‌ಟೌನ್: ನದಿಯಲ್ಲಿ ಕೊಚ್ಚಿಹೋಗಿದೆ ಎಂದು ನಂಬಿದ್ದ 1607ರ ಕೋಟೆಯ ಕುರುಹು 1994ರಲ್ಲಿ ಶುರುವಾದ ಉತ್ಖನನದಲ್ಲಿ ಸಿಕ್ಕಿತು, ಈಗಲೂ ಅಗೆಯುತ್ತಿರುವುದನ್ನು ನೋಡಬಹುದು. ಅಲ್ಲಿನ ಮ್ಯೂಸಿಯಂನಲ್ಲಿ 1609–10ರ ಬರಗಾಲದ ಚಳಿಗಾಲದಲ್ಲಿ ಸತ್ತ ಹುಡುಗಿಯೊಬ್ಬಳ ಅವಶೇಷ, ಹಸಿದವರು ಆಕೆಯ ದೇಹವನ್ನು ತಿಂದ ಗುರುತುಗಳ ಸಮೇತ ಇದೆ. ಚಿಕ್ಕ ಮಕ್ಕಳನ್ನು ಒಬ್ಬರು ಹೊರಗೆ ಇಟ್ಟುಕೊಳ್ಳಿ. ದ್ವೀಪದಲ್ಲಿ ಸೊಳ್ಳೆ ವಿಪರೀತ.

ಜೇಮ್ಸ್‌ಟೌನ್, ವಿಲಿಯಮ್ಸ್‌ಬರ್ಗ್, ಯಾರ್ಕ್‌ಟೌನ್ ಮೂರನ್ನೂ ಜೋಡಿಸುವ ಕಲೋನಿಯಲ್ ಪಾರ್ಕ್‌ವೇ 23 ಮೈಲಿ ಉದ್ದ. ಚೆಂದದ ದಾರಿ, ಆದರೆ ಪೆಟ್ರೋಲ್ ಬಂಕ್ ಇಲ್ಲ, ಸಂಜೆ ಜಿಂಕೆ ಅಡ್ಡ ಬರುತ್ತವೆ. ದುರಸ್ತಿಗೆ ಕೆಲವು ಭಾಗ ಮುಚ್ಚಿರುವುದುಂಟು.

ಹಂತ 9: ಯಾರ್ಕ್‌ಟೌನ್

ಇಲ್ಲಿಗೆ ಬರುವ ಮುಂಚೆ ಮನೆಮಂದಿಗೆಲ್ಲ ಒಂದು ಹೆಸರು ನೆನಪಿಸಿ: ಕಾರ್ನ್‌ವಾಲಿಸ್. ಊರಿನ ಪಠ್ಯಪುಸ್ತಕದಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಅದೇ ಗವರ್ನರ್ ಜನರಲ್, ಅದಕ್ಕೆ ಹತ್ತು ವರ್ಷ ಮುಂಚೆ ಇಲ್ಲಿ ಸೋತು ಶರಣಾಗಿದ್ದ. 1781ರ ಸೆಪ್ಟೆಂಬರ್ ಕೊನೆಯಲ್ಲಿ ವಾಷಿಂಗ್ಟನ್ ಮತ್ತು ಫ್ರೆಂಚರು ಸುತ್ತುವರಿದರು, ಸಮುದ್ರದ ದಾರಿಯನ್ನು ಫ್ರೆಂಚ್ ನೌಕಾಪಡೆ ಮುಚ್ಚಿತು, ಅಕ್ಟೋಬರ್ 19ಕ್ಕೆ ಏಳು ಸಾವಿರಕ್ಕೂ ಹೆಚ್ಚು ಸೈನಿಕರು ಆಯುಧ ಕೆಳಗಿಟ್ಟರು. ಮೈ ಸರಿಯಿಲ್ಲ ಎಂದು ಕಾರ್ನ್‌ವಾಲಿಸ್ ತಾನು ಬರದೆ ಒಹಾರ ಎಂಬ ಕೆಳಗಿನ ಅಧಿಕಾರಿಯ ಕೈಯಲ್ಲಿ ಕತ್ತಿ ಕಳಿಸಿದ. ಐದು ವರ್ಷದಲ್ಲಿ ಅವನನ್ನು ಭಾರತಕ್ಕೆ ನೇಮಿಸಿದರು. 1791ರ ಮಾರ್ಚ್ 21ರಂದು ಬೆಂಗಳೂರಿನ ಕೋಟೆ ಬಿತ್ತು, ಕೆ.ಆರ್. ಮಾರ್ಕೆಟ್ ಬಳಿಯ ಕೋಟೆಯಲ್ಲಿ ಗೋಡೆ ಒಡೆದ ಜಾಗಕ್ಕೆ ಇವತ್ತಿಗೂ ಫಲಕ ಇದೆ. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕೊಡಬೇಕಾಯಿತು. ಹೈದರಾಲಿಯ ಸುದ್ದಿ ಆ ಕಾಲದಲ್ಲೇ ಅಮೆರಿಕ ಮುಟ್ಟಿತ್ತು: ಪೆನ್ಸಿಲ್ವೇನಿಯಾದ ಒಂದು ಯುದ್ಧನೌಕೆಯ ಹೆಸರು ‘ಹೈದರ್ ಅಲಿ’. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಅದು ಬ್ರಿಟಿಷರ ‘ಜನರಲ್ ಮಂಕ್’ ಹಡಗನ್ನು ಸೆರೆಹಿಡಿಯಿತು.

ಸ್ವಾಗತ ಕೇಂದ್ರದಲ್ಲಿ ಮಕ್ಕಳಿಗೆ ಜೂನಿಯರ್ ರೇಂಜರ್ ಪುಸ್ತಿಕೆ ಕೇಳಿ ಪಡೆಯಿರಿ, ತುಂಬಿಸಿ ತಂದರೆ ಬ್ಯಾಡ್ಜ್ ಕೊಡುತ್ತಾರೆ. ಆಮೇಲೆ ಕಾರಿನಲ್ಲೇ ಸುತ್ತುವ ಯುದ್ಧಭೂಮಿಯ ದಾರಿ, 7 ಮೈಲಿ. ಹಿರಿಯರು ಪ್ರತಿ ನಿಲ್ದಾಣದಲ್ಲೂ ಇಳಿಯಬೇಕಿಲ್ಲ, ಮೂರು ಕಡೆ ಇಳಿದರೆ ಸಾಕು. ನದಿಯ ದಂಡೆಯ 9 ಮತ್ತು 10ನೇ ಮಣ್ಣಿನ ಕೊತ್ತಲಗಳು: ಅಕ್ಟೋಬರ್ 14ರ ರಾತ್ರಿ ಒಂದನ್ನು ಫ್ರೆಂಚರು, ಇನ್ನೊಂದನ್ನು ಅಮೆರಿಕನ್ ಸೇನಾಧಿಕಾರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ದಂಡು ಹಿಡಿದದ್ದು. ಎದುರಾಳಿಯ ಎದೆಯ ಮಟ್ಟಕ್ಕೆ ಚೂಪು ಮರದ ಗೂಟ ನೆಟ್ಟಿರುವುದನ್ನು ಮಕ್ಕಳು ಹತ್ತಿರದಿಂದ ನೋಡಲಿ, ಆದರೆ ದಿಬ್ಬ ಹತ್ತಬಾರದು, ಮಣ್ಣು ಜರಿಯುತ್ತದೆ. ಶರಣಾಗತಿಯ ಷರತ್ತು ಬರೆದ ಮೂರ್ ಮನೆ ಎರಡನೆಯದು. ಕೆಲವು ಕಾಲದಲ್ಲಿ ಮಾತ್ರ ಒಳಗೆ ಬಿಡುತ್ತಾರೆ. ಮೂರನೆಯದು ಸೈನಿಕರು ಬಂದೂಕು ಇಟ್ಟುಹೋದ ಬಯಲು.

ಐದು ದಿನ ಸಿಗದಿದ್ದರೆ

ಎರಡೇ ದಿನ ಇದ್ದರೆ ಮೌಂಟ್ ವರ್ನನ್ ಒಂದು ದಿನ, ಮಾಂಟಿಸೆಲೊ ಒಂದು ದಿನ. ಮೂರು ದಿನ ಇದ್ದು ಮಕ್ಕಳು ಚಿಕ್ಕವರಾದರೆ ಮಾಂಟಿಸೆಲೊ ಬಿಟ್ಟು, ಮೌಂಟ್ ವರ್ನನ್ ಆದ ಮೇಲೆ ನೇರ ವಿಲಿಯಮ್ಸ್‌ಬರ್ಗ್‌ಗೆ ಹೋಗಿ ಎರಡು ರಾತ್ರಿ ಇರಿ. ಕೊನೆಯ ದಿನ ಬೆಳಗ್ಗೆ ಯಾರ್ಕ್‌ಟೌನಿಗೆ ಮೂರು ಗಂಟೆ ಕೊಟ್ಟು, ಊಟ ಮುಗಿಸಿ ಮಧ್ಯಾಹ್ನ ಒಂದು ಗಂಟೆಯೊಳಗೆ ಹೆದ್ದಾರಿ ಹಿಡಿದರೆ ಸಂಜೆಯ ಟ್ರಾಫಿಕ್ ತಪ್ಪುತ್ತದೆ.